ಭಾರವಿಲ್ಲದ ತೇಗು

ಪರದೆಯ ಮೇಲೆ ಕಳೆದ ವಾರದ ಹಾರಾಟದ ವಿಡಿಯೊ: ಎಡಕ್ಕೆ ನನ್ನ ಗಾಜಿನ ಪಾತ್ರೆ, ಬಲಕ್ಕೆ ನನ್ನ ಮುಖ. ಎದುರಿಗೆ ಸಮಿತಿಯ ಅಧ್ಯಕ್ಷೆ. ಇನ್ನೊಂದು ಹಾರಾಟಕ್ಕೆ ಅವರು ಒಪ್ಪದಿದ್ದರೆ ಇಷ್ಟು ವರ್ಷದ ನನ್ನ ಕೆಲಸ ಇವತ್ತಿಗೇ ಮುಗಿದ ಹಾಗೆ.

ವಿಮಾನ ಸರ್ರನೆ ಮೇಲಕ್ಕೇರಿ ಕೆಳಗೆ ಬಾಗುವಾಗ ಒಳಗಿದ್ದವರೆಲ್ಲ ಸ್ವಲ್ಪ ಹೊತ್ತು ತೂಕ ಕಳೆದುಕೊಂಡು ತೇಲುತ್ತಾರೆ. ಆಗ ನೀರಿನೊಳಗಿನ ಗಾಳಿಗುಳ್ಳೆ ಮೇಲೆ ಯಾವುದು, ಕೆಳಗೆ ಯಾವುದು ತಿಳಿಯದೆ ನಡುವೆಯೇ ಕೂತುಬಿಡುತ್ತದೆ. ಅದನ್ನು ನೀರಿನಿಂದ ಬಿಡಿಸುವುದೇ ನನ್ನ ಪಾತ್ರೆಯ ಕೆಲಸ.

“ಸರ್, ವಿಡಿಯೊದಿಂದ ನಿಮ್ಮ ಮುಖ ಕತ್ತರಿಸಿಬಿಡೋಣ” ಎಂದು ಸಹಾಯಕಿ ಬೆಳಗ್ಗೆಯೇ ಅಂಗಲಾಚಿದ್ದಳು. ಕತ್ತರಿಸಿದರೆ ಪಾತ್ರೆಯೂ ಅರ್ಧ ಹೋಗುತ್ತಿತ್ತು. ವಿಡಿಯೊ ಚೆನ್ನಾಗಿ ಬರಲಿ ಎಂದು ಅದಕ್ಕೆ ಕೆನ್ನೆ ತಾಗಿಸಿಕೊಂಡು ನಿಂತ ಮಹಾಶಯ ನಾನೇ. ಹಾರುವ ಮುಂಚೆ ಯಾರೂ ಸೋಡಾ ಮುಟ್ಟಕೂಡದು ಎಂದು ಊರಿಗೆಲ್ಲ ಉಪದೇಶ ಮಾಡಿ, ಹೆದರಿಕೆಗೆ ಹೊಟ್ಟೆ ಉಬ್ಬರಿಸಿದಾಗ ಮೂಲೆಯಲ್ಲಿ ನಿಂತು ಒಂದು ಬಾಟಲಿ ಗಟಗಟ ಕುಡಿದವನೂ ನಾನೇ.

ಪರದೆಯಲ್ಲಿ ಪಾತ್ರೆಯ ಗುಳ್ಳೆಗಳು ಒಂದೊಂದಾಗಿ ನೀರು ಬಿಟ್ಟು ಒಂದು ಕಡೆ ಸೇರತೊಡಗಿದವು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಪರದೆಯ ಮೇಲಿನ ನಾನು ತೇಗಿಬಿಟ್ಟೆ. ನೆಲದ ಮೇಲಾದರೆ ಬರೀ ಗಾಳಿ ಬರುತ್ತಿತ್ತು. ಅಲ್ಲಿ ಸೋಡಾ, ಬೆಳಗಿನ ತಿಂಡಿ ಎಲ್ಲ ಜೊತೆಗೇ ಹೊರಟು ಬಂದು, ನಿಂಬೆಹಣ್ಣಿನಷ್ಟು ಉಂಡೆಯಾಗಿ ನನ್ನ ಮೂಗಿನ ಮುಂದೆ ತೇಲಿತು. ಹಿಡಿಯಲು ಹೋಗಿ ಅದನ್ನು ಎರಡು ಮಾಡಿದೆ.

ಸಮಿತಿಯವರು ಬಿದ್ದು ಬಿದ್ದು ನಕ್ಕರು. ಅಧ್ಯಕ್ಷೆ ಮಾತ್ರ ನಗಲಿಲ್ಲ. “ಇನ್ನೊಂದ್ಸಲ ಹಾಕಿ” ಎಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಎರಡನೆಯ ಸಲ ನೋಡಿ ಮುಗಿಸಿ, ಕನ್ನಡಕ ತೆಗೆದರು. “ಪಾತ್ರೆಯಲ್ಲಿ ಗಾಳಿ ಬೇರೆ ಆಯ್ತು. ನಿಮ್ಮಲ್ಲಿ ಆಗ್ಲಿಲ್ಲ. ಉಪಕರಣ ಇದ್ರೆ ಹಾಗೆ, ಇಲ್ದಿದ್ರೆ ಹೀಗೆ. ಇಷ್ಟು ಸ್ಪಷ್ಟವಾಗಿ ಯಾರೂ ತೋರಿಸಿರ್ಲಿಲ್ಲ. ಇನ್ನೊಂದು ಹಾರಾಟ ಕೊಡ್ತೀವಿ.”

ಸಂತೋಷಕ್ಕೆ ನನಗೆ ಅಳುವೇ ಬಂತು. “ಬಹಳ ಉಪಕಾರ ಆಯ್ತು ಮೇಡಂ. ಪಾತ್ರೆ ಸಿದ್ಧವಾಗೇ ಇದೆ. ಈ ಸಲ ನಾನು ಹೋಗಲ್ಲ, ಸಹಾಯಕಿನ ಕಳಿಸ್ತೀನಿ.”

“ಅದು ಹೇಗಾಗತ್ತೆ?” ಅಧ್ಯಕ್ಷೆ ಕೈಯಲ್ಲಿದ್ದ ಪೆನ್ನನ್ನು ನನ್ನ ಹೊಟ್ಟೆಯ ಕಡೆ ಚಾಚಿದರು. “ಪ್ರಯೋಗ ಮತ್ತೆ ಮಾಡುವಾಗ ಎರಡು ಪಾತ್ರೆನೂ ಅವೇ ಇರ್ಬೇಕು.”