ಮುಳುಗಿದ ಬಾಕಿ

ದಿಬ್ಬದಹಾಳದ ಮುದುಕ ಮತ್ತೆ ಬಂದಿದ್ದಾನೆಂದು ಗೊತ್ತಾದ ಕೂಡಲೇ ಮುರಗೆಪ್ಪ ರೆಕಾರ್ಡ್ ರೂಮಿಗೆ ನುಗ್ಗಿ ಒಳಗಿನಿಂದ ಅಗಳಿ ಹಾಕಿಕೊಂಡ. ಅರ್ಧ ಗಂಟೆ ಹಳೆಯ ಕಡತಗಳ ಧೂಳು ಕುಡಿದು ಹೊರಬಂದರೆ ಮುದುಕ ಬೆಂಚಿನ ಮೇಲೇ ಇದ್ದ. ಕಚೇರಿಗಳಲ್ಲಿ ಕಾಯುವುದು ಅವನಿಗೆ ಒಳ್ಳೆಯ ರೂಢಿಯಿದ್ದಂತೆ ಕಂಡಿತು.

ಮುರಗೆಪ್ಪ ಜಮಖಂಡಿಯಲ್ಲಿ ವಿದ್ಯುತ್ ಕಂಪನಿಯೊಂದರ ಲೆಕ್ಕಪತ್ರದ ಸೂಪರಿಂಟೆಂಡೆಂಟ್. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಒಂದು ಕಂಬವನ್ನೂ ಹತ್ತಿರದಿಂದ ನೋಡಿದವನಲ್ಲ. ಆದರೆ ಯಾವ ಕಂಬ ಖರ್ಚು, ಯಾವ ಕಂಬ ಆಸ್ತಿ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಗಾಳಿಗೆ ಬಿದ್ದ ಕಂಬವನ್ನು ಎತ್ತಿ ನಿಲ್ಲಿಸಿದರೆ ಖರ್ಚು, ಹೊಸದು ನೆಟ್ಟರೆ ಆಸ್ತಿ. ಎತ್ತಿ ನಿಲ್ಲಿಸಿದ್ದನ್ನೂ ಅವನು ಹೊಸದೆಂದೇ ಬರೆಯುತ್ತಿದ್ದ. ಹೀಗಾಗಿ ಅವನ ಪುಸ್ತಕದಲ್ಲಿ ಗಾಳಿ ಬೀಸಿದಷ್ಟೂ ಕಂಪನಿ ಶ್ರೀಮಂತವಾಗುತ್ತಿತ್ತು.

ಆ ವರ್ಷ, ಅಂದರೆ ಎರಡು ಸಾವಿರದ ನಾಲ್ಕರಲ್ಲಿ, ಅವನ ಬಡ್ತಿ ಸೆಪ್ಟೆಂಬರಿನ ಅರ್ಧವಾರ್ಷಿಕ ಲೆಕ್ಕದ ಮೇಲೆ ನಿಂತಿತ್ತು. ಗ್ರಾಹಕರ ಬಾಕಿ ಮಿತಿಯೊಳಗಿದ್ದರೆ ಲೆಕ್ಕಾಧಿಕಾರಿ. ಮೀರಿದರೆ ಇದೇ ಕುರ್ಚಿ, ಇದೇ ಕಿರುಗುಟ್ಟುವ ಫ್ಯಾನು. ಬಾಕಿ ಮೀರಿತ್ತು. ದೊಡ್ಡ ಪಾಲು ದಿಬ್ಬದಹಾಳ ಎಂಬ ಒಂದೇ ಊರಿನದು. ಎಂಬತ್ತು ಮನೆಗಳು ಎರಡು ವರ್ಷದಿಂದ ಒಂದು ಪೈಸೆ ಕಟ್ಟಿರಲಿಲ್ಲ. ಮೀಟರ್ ಓದುವ ಅಜಯ ಪ್ರತಿ ತಿಂಗಳೂ ಎಂಬತ್ತು ಮನೆಗಳ ಮುಂದೆಯೂ ‘ಬಾಗಿಲು ಹಾಕಿದೆ’ ಎಂದು ಬರೆಯುತ್ತಿದ್ದ. ಬಾಗಿಲು ಹಾಕಿದ ಮನೆಗೆ ಹಿಂದಿನ ಸರಾಸರಿಯ ಪ್ರಕಾರ ಬಿಲ್ಲು ಹಾಕುವುದು ಕಂಪನಿಯ ನೀತಿ. ಈ ಮೈಗಳ್ಳ ದಾರಿಯಲ್ಲಿ ಸಿಗುವ ಅನಗವಾಡಿಯ ಚಹಾದಂಗಡಿ ದಾಟಿ ಮುಂದೆ ಹೋಗುವುದಿಲ್ಲ ಎಂದುಕೊಂಡು ಮುರಗೆಪ್ಪ ಸುಮ್ಮನಿದ್ದ.

ನೀತಿಯ ಪುಸ್ತಕದಲ್ಲಿ ಇನ್ನೊಂದು ಸಾಲಿತ್ತು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಡೆಯಾದ ಊರಿನ ಬಾಕಿಯನ್ನು ಬಾಕಿಯೆಂದು ಎಣಿಸತಕ್ಕದ್ದಲ್ಲ. ದಿಬ್ಬದಹಾಳ ಹೆಸರಿನಲ್ಲೇ ದಿಬ್ಬ ಇಟ್ಟುಕೊಂಡ ಊರು. ಮುಳುಗಿದ ಊರಿಗೆ ಪರಿಹಾರ ಕೊಡುವ ಮುಳುಗಡೆ ಕಚೇರಿಯ ನಕಾಶೆಯಲ್ಲೂ ನೀರಿನ ಗೆರೆಗಿಂತ ಮೇಲಿತ್ತು. ಮುರಗೆಪ್ಪ ಪೆನ್ನು ತೆಗೆದು ಒಂದೇ ಸಾಲಿನಲ್ಲಿ ಅದನ್ನು ಮುಳುಗಿಸಿದ. ಅರ್ಧವಾರ್ಷಿಕ ಲೆಕ್ಕವನ್ನು ಆಡಿಟರು ಕಣ್ಣೆತ್ತಿಯೂ ನೋಡುವುದಿಲ್ಲ. ಬೇಕಾದರೆ ಮಾರ್ಚಿನಲ್ಲಿ ಮೇಲೆತ್ತಿದರಾಯಿತು. ಅಣೆಕಟ್ಟಿಗೆ ವರ್ಷಗಟ್ಟಲೆ ಹಿಡಿದ ಕೆಲಸ ಅವನಿಗೆ ಚಹಾ ಆರುವುದರೊಳಗೆ ಮುಗಿಯಿತು.

ಹದಿನೈದು ದಿನ ಸುಖವಾಗಿ ಕಳೆದವು. ಆಮೇಲೆ ದಿಬ್ಬದಹಾಳದ ಈ ಮುದುಕ, ಹೊಳಬಸಪ್ಪ, ಮೊದಲ ಸಲ ಬಂದ. ಹೊರಗೆ ಒಣ ಬಿಸಿಲು. ಮುದುಕನ ಧೋತರಕ್ಕೆ ಮೊಣಕಾಲಿನವರೆಗೆ ಕೆಸರು. ಮುಳುಗಿದವೆಂದು ಬಿಲ್ಲು ನಿಲ್ಲಿಸಿದ ಊರುಗಳ ಪಟ್ಟಿಯನ್ನು ಬೀಳಗಿಯ ಶಾಖೆಯ ಫಲಕದಲ್ಲಿ ನೋಡಿದೆನೆಂದೂ ಸಹಿ, ಮೊಹರು ಇರುವ ನಕಲು ಬೇಕೆಂದೂ ಕೇಳಿದ. ಯಾಕೆಂದು ಮುರಗೆಪ್ಪ ವಿಚಾರಿಸಿದ.

“ಬ್ಯಾರೆ ಕಚೇರಿಗೆ ಕೊಡೂದೈತ್ರಿ,” ಎಂದ ಮುದುಕ. ಯಾವ ಕಚೇರಿಯೆಂದು ಹೇಳಲಿಲ್ಲ. ಕಾಗದ ಯಾಕೆ ಬೇಕೆಂದು ಬಾಯಿಬಿಟ್ಟರೆ ಕಾಗದವೇ ಸಿಗುವುದಿಲ್ಲ ಎಂದು ಕಲಿತವನ ಹಾಗೆ ನಕ್ಕ. “ನೀವು ಬರದದ್ದು ಇಡೀ ಊರಿಗೆ ಗೊತ್ತಾಗೈತ್ರಿ ಸಾಹೇಬ್ರ. ನಿಮ್ಮ ಹೆಸರು ಎಲ್ಲಾರ ಬಾಯಾಗ ಐತಿ.”

ಮುರಗೆಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಉಂಡುಟ್ಟು ಸುಖವಾಗಿರುವ ಎಂಬತ್ತು ಮನೆಗಳನ್ನು ನೀರಿಗೆ ಹಾಕಿದವನ ಹೆಸರು ಊರಿನವರ ಬಾಯಲ್ಲಿದ್ದರೆ, ನಾಳೆ ಅದು ತನಿಖೆಯವರ ಕಿವಿಗೆ ಬೀಳುತ್ತದೆ. ಬಡ್ತಿ ಹಾಳಾಗಲಿ, ನೌಕರಿಯೇ ಹೋಗುತ್ತದೆ. ವಾರ ಬಿಟ್ಟು ಬಾ ಎಂದು ಸಾಗಹಾಕಿದ್ದ. ವಾರ ಬಿಟ್ಟು ಮುದುಕ ಬಂದೇ ಬಂದ.

ಅವತ್ತು ರೆಕಾರ್ಡ್ ರೂಮಿನ ಧೂಳು ಕೊಡವಿಕೊಂಡು ಮುರಗೆಪ್ಪ ಅವನಿಗೆ ಚಹಾ ತರಿಸಿದ. ದನಿ ತಗ್ಗಿಸಿದ.

“ಯಜಮಾನ್ರ, ಊರಿಗೆ ಹೊಸಾ ಟಿ.ಸಿ. ಹಾಕಸ್ತೇನಿ. ಹೊಸಾ ವಾಯರ್ ಎಳಸ್ತೇನಿ. ಆ ಕಾಗದದ ಮಾತ ಬಿಡ್ರಿ.”

“ಕರೆಂಟ್ ತಗೊಂಡು ಏನ ಮಾಡೂನ್ರಿ ಈಗ?” ಎಂದ ಹೊಳಬಸಪ್ಪ. “ಆ ಕಾಗದ ಒಂದ ಕೊಡ್ರಿ, ಸಾಕ.”

ಟ್ರಾನ್ಸ್‌ಫಾರ್ಮರ್ ಕೊಟ್ಟರೂ ಬೇಡವೆನ್ನುವ ರೈತನನ್ನು ಮುರಗೆಪ್ಪ ಜೀವಮಾನದಲ್ಲಿ ಕಂಡಿರಲಿಲ್ಲ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಸೋಮವಾರ ಖಂಡಿತ ಕೊಡುವೆನೆಂದು ಮಾತು ಕೊಟ್ಟ.

ಅರ್ಧವಾರ್ಷಿಕ ಲೆಕ್ಕದ ತಿದ್ದುಪಡಿಗೆ ಶುಕ್ರವಾರ ಸಂಜೆಯವರೆಗೆ ಅವಕಾಶವಿತ್ತು. ‘ಹಿಂದಿನ ಅಂದಾಜಿನಲ್ಲಿ ಆದ ತಪ್ಪು’ ಎಂದು ಬರೆದು ಮುರಗೆಪ್ಪ ದಿಬ್ಬದಹಾಳವನ್ನು ನೀರಿನಿಂದ ಮೇಲೆತ್ತಿದ. ಬಡ್ತಿಯೂ ಮುಳುಗಬಾರದೆಂದು ಬಾಕಿಯನ್ನು ಮಿತಿಯ ಲೆಕ್ಕಕ್ಕೆ ಬಾರದ ‘ಬರುವುದು ಖಚಿತ’ ಎಂಬ ಕಲಮಿಗೆ ಸೇರಿಸಿದ. ಕಾರಣ ಕೊಡಬೇಕಲ್ಲ: ಊರು ಹಿನ್ನೀರಿನಿಂದ ದೂರವಿದೆ, ಗ್ರಾಹಕರು ಸ್ವಂತ ಮನೆಗಳಲ್ಲಿ ಕ್ಷೇಮವಾಗಿದ್ದಾರೆ, ಕಟ್ಟಲು ಸಿದ್ಧರಿದ್ದಾರೆ. ಬೀಳಗಿಯ ಫಲಕದ ಪಟ್ಟಿ ಕೀಳಿಸಿ ತರಿಸಿದ. ಹಳೆಯ ಪ್ರತಿಗಳನ್ನೆಲ್ಲ ತಾನೇ ಕೈಯಾರೆ ಹರಿದ. ನಾಳೆ ಯಾರೂ ಬೆರಳು ತೋರಿಸದಿರಲೆಂದು ಮುಳುಗಡೆ ಕಚೇರಿಗೂ ಹೊಸ ಪ್ರತಿಯೊಂದನ್ನು ರಿಜಿಸ್ಟರ್ ಟಪಾಲಿನಲ್ಲಿ ಕಳಿಸಿದ.

ಸೋಮವಾರ ಹೊಳಬಸಪ್ಪನಿಗೆ ಕುರ್ಚಿ ಸಿಕ್ಕಿತು. ಮುರಗೆಪ್ಪ ಹೊಸ ಕಾಗದವನ್ನು ತಾನೇ ಗಟ್ಟಿಯಾಗಿ ಓದಿ ಹೇಳಿ, ಮೊಹರಿನ ಮೇಲೆ ಬೆರಳಿಟ್ಟು ತೋರಿಸಿ ಅವನ ಕೈಗಿತ್ತ. ಮುದುಕ ಅದನ್ನು ತಿರುವಿ ಹಿಂಬದಿಯನ್ನೂ ನೋಡಿದ.

“ಹಳೇದು?”

“ಒಂದೂ ಉಳಿಸಿಲ್ಲ. ನಿಮ್ಮೂರು ಮುಳುಗಿಲ್ಲ ಅಂತ ಖಡಕ್ ಬರದ ಕೊಟ್ಟೇನಲ್ರೀ,” ಎಂದ ಮುರಗೆಪ್ಪ, ಎಷ್ಟೋ ದಿನದ ಮೇಲೆ ನಿರಾಳವಾಗಿ ಉಸಿರುಬಿಡುತ್ತ. “ಇನ್ನೇನ ದೂರು ನಿಮ್ದು?”

“ದೂರು ಎಲ್ಲೀದ್ರಿ ಸಾಹೇಬ್ರ,” ಎಂದ ಹೊಳಬಸಪ್ಪ. “ನಾವು ಮುಳುಗಿ ಎರಡ ವರ್ಷ ಆತ್ರಿ, ಮುಳುಗೀವಿ ಅಂತ ಬರದ ಸರಕಾರಿ ಕಾಗದ ಅದೊಂದ ಇತ್ತು.”