ಬಲ ಮೊಣಕಾಲಿನ ಬಿಳಿ ಗೆರೆ

ಕಿವಿಯೋಲೆ, ಕಾಲುಂಗುರ ತೆಗೆದು ತಟ್ಟೆಯಲ್ಲಿಟ್ಟ ಶಿವಲೀಲಾ ಕುಸ್ತಿ ಕಣದ ಬಾಗಿಲಲ್ಲಿರುವ ಎಂಆರ್‌ಐ ಕಮಾನಿನ ಕೆಳಗೆ ನಿಂತಳು. ಗಾಯ ಮುಚ್ಚಿಟ್ಟು ಯಾರೂ ಸೆಣಸಬಾರದು ಎಂಬುದು ಗದಗಿನ ಕಣದ ರಿವಾಜು. ಅದಕ್ಕೇ ಪೈಲ್ವಾನರ ಕೀಲುಗಳು ಮೊದಲು ಪರದೆಯ ಮೇಲೆ ಊರಿಗೆಲ್ಲ ಕಾಣಬೇಕು. ಅವಳ ಬಲ ಮೊಣಕಾಲು ಮೂಡಿತು. ಮೃದ್ವಸ್ಥಿಯ ಬೂದು ಪದರದಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಹೊಳೆಯಿತು. ಶೇಂಗಾ ಸುಲಿಯುತ್ತಿದ್ದ ಮುದುಕಿಯರೂ ಅದನ್ನು ನೋಡಿ ಲೊಚಗುಟ್ಟಿದರು.

“ಕೀಲಿನ ಗಾದಿ ಹರದೈತಿ ನೋಡವ್ವ. ಇನ್ನೊಂದು ಪಟ್ಟು ಬಿದ್ರ ಕಾಲ ಹೋಗ್ತೈತಿ. ಆಡ್ತಿಯೇನು?” ಎಂದರು ಕುಸ್ತಿಯ ತೀರ್ಪು ಹೇಳುವ ಪಂಚ ಮೌಲಾಸಾಬರು.

“ಆಡ್ತೀನ್ರಿ ಕಾಕಾ. ಮೂರು ವರ್ಷ ಇದರ ಜೋಡಿನ ತಾಲೀಮು ಮಾಡೀನಿ.”

ಎದುರಾಳಿ ಸೃಷ್ಟಿ, ಇಪ್ಪತ್ತರ ಹುಡುಗಿ, ಪರದೆಯಿಂದ ಕಣ್ಣೇ ಕೀಳಲಿಲ್ಲ. ಸೀಟಿ ಊದಿದ್ದೇ ತಡ, ಬಾಗಿ ನೇರ ಬಲಗಾಲಿಗೇ ನುಗ್ಗಿದಳು. ಶಿವಲೀಲಾಳ ತೋಳು ಅವಳ ಕುತ್ತಿಗೆಯನ್ನು ಸುತ್ತಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಸೃಷ್ಟಿಯ ಬೆನ್ನು ಕೆಮ್ಮಣ್ಣಿಗೆ ಅಂಟಿತ್ತು.

“ಹರದ ಕಾಲು ಎಲ್ಲಾರಿಗೂ ತೋರಿಸಿ ಹೆಂಗ ಗೆದ್ದಿ?” ಮೌಲಾಸಾಬರು ಬೆರಗಾದರು.

ಶಿವಲೀಲಾ ಕಾಲುಂಗುರ ಹಾಕಿಕೊಳ್ಳುತ್ತ ನಕ್ಕಳು. “ಕಾಲು ಎಲ್ಲಾರಿಗೂ ಕಂಡಿತ್ರಿ. ಅದನ್ನ ಹಿಡಿಯಾಕ ಬಾಗೋ ಕುತ್ತಿಗಿ ನನಗಷ್ಟ ಕಂಡಿತ್ತು.”