ಆರು ಚುಕ್ಕೆ

ಕಣ್ಣು ಮಂಜಾಗತೊಡಗಿದ್ದ ಫಕೀರಪ್ಪ ಉಸಿರು ಬಿಗಿಹಿಡಿದು, ಹಳೆಯ ಲೆನ್ಸಿನ ಹಿಂಬದಿಯ ಉಂಗುರದ ಮೇಲೆ ಕುಂಚದಿಂದ ಕಪ್ಪು ಬಿಳಿ ಬಣ್ಣದ ಆರು ಚುಕ್ಕೆಗಳನ್ನಿಟ್ಟ. ಚುಕ್ಕೆ ಸರಿಯಾಗಿದ್ದರೆ ಡಿಜಿಟಲ್ ಕ್ಯಾಮೆರಾ ತಾನಾಗಿ ಲೆನ್ಸನ್ನು ಗುರುತಿಸಿ ಪರದೆಯ ಮೇಲೆ ಅದರ ಹೆಸರು ತೋರಿಸುತ್ತದೆ. ಇಲ್ಲದಿದ್ದರೆ ಗುಂಡಿ ಒತ್ತಿ ಹೆಸರನ್ನು ಕೈಯಾರೆ ಆರಿಸಬೇಕು. ಈ ಸಲವೂ ತಪ್ಪಿದರೆ ಅಂಗಡಿ ಮುಚ್ಚುವುದೆಂದು ಅವನು ಮಗಳಿಗೆ ಹೇಳಿಬಿಟ್ಟಿದ್ದ.

ಮಗಳು ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸಿದಳು.

"ಹೆಸರು ಬಂತೇನವ್ವಾ?"

"ತಡಿಯಪಾ, ಹೆಣ್ಣು ನೋಡಾಕ ಬಂದವರಂಗ ಅವಸರ ಮಾಡಬ್ಯಾಡ."

ಅವನು ಕಣ್ಣು ಮುಚ್ಚಿ ಕಾದ.

"ಬಂತು ನೋಡಪಾ! ಅಂಗಡಿ ಮುಚ್ಚತಾನಂತ, ಮುಚ್ಚಾಂವ!"

ಫಕೀರಪ್ಪ ನಕ್ಕು ಅವಳ ತಲೆ ನೇವರಿಸಿದ. ಕುಂಚವನ್ನು ತೊಳೆದು, ಒರೆಸಿ, ಡಬ್ಬಿಯೊಳಗಿಟ್ಟ.

"ಗುಂಡಿ ಒತ್ತಿದ್ದು ಕೇಳಿಸ್ತವ್ವಾ. ಬಾಗಲಾ ಹಾಕು."